ಗಿಣ್ಣುಹಾಲಿನಿಂದ ಕೊನೆಯ ಕರಾವಿನವರೆಗೆ

ಪ್ರಶ್ನೆ: ಈದ ಹಸುವಿನ ಮೊದಲ ಹಾಲು ಕಾಯಿಸಿದರೆ ಗಿಣ್ಣಾಗುತ್ತದೆ, ವಾರ ಕಳೆದ ಮೇಲೆ ಆಗುವುದಿಲ್ಲ. ಬತ್ತುವ ಹೊತ್ತಿನ ಹಾಲು ಗಟ್ಟಿ, ಕೊಂಚ ಉಪ್ಪು. ಯಾಕೆ ಹೀಗೆ?

ಉತ್ತರ: ಕರುವಿನ ಅಗತ್ಯಕ್ಕೂ ಕೆಚ್ಚಲಿನ ಸ್ಥಿತಿಗೂ ತಕ್ಕಂತೆ ಹಾಲು ಬದಲಾಗುತ್ತದೆ. ಸಾಮಾನ್ಯ ಹಾಲಿನಲ್ಲಿ ಪ್ರೋಟೀನು ಸುಮಾರು ಶೇ. 3.3, ಮೊದಲ ಕರಾವಿನಲ್ಲಿ ಶೇ. 14ರ ಆಸುಪಾಸು. ಅದರಲ್ಲಿ ದೊಡ್ಡ ಪಾಲು ರೋಗನಿರೋಧಕ ಪ್ರೋಟೀನುಗಳದ್ದು. ಬಿಸಿ ತಾಗಿದೊಡನೆ ಅವು ಹೆಪ್ಪುಗಟ್ಟುವುದರಿಂದಲೇ ಗಿಣ್ಣು. ಹಸುವಿನ ಗರ್ಭದಲ್ಲಿ ಈ ರಕ್ಷಣೆ ಕರುವಿಗೆ ದಾಟುವುದಿಲ್ಲ. ಹುಟ್ಟಿದ ಮೇಲೆ ಕುಡಿದೇ ಪಡೆಯಬೇಕು. ಕರುವಿನ ಕರುಳು ಈ ಪ್ರೋಟೀನುಗಳನ್ನು ಇಡಿಯಾಗಿ ಹೀರುವುದು ಸುಮಾರು 24 ಗಂಟೆ ಮಾತ್ರ. ನಾಲ್ಕೈದು ದಿನಗಳಲ್ಲಿ ಹಾಲು ಸಾಮಾನ್ಯ ರೂಪಕ್ಕೆ ಬರುತ್ತದೆ.

ಒಂದೆರಡು ತಿಂಗಳಲ್ಲಿ ಇಳುವರಿ ಏರುತ್ತದೆ, ಕೊಬ್ಬು–ಪ್ರೋಟೀನಿನ ಶೇಕಡಾವಾರು ಇಳಿಯುತ್ತದೆ. ಆಗ ಡೈರಿಯಲ್ಲಿ ಫ್ಯಾಟ್ ಕಡಿಮೆ ಬಂದರೆ ಅದು ನೀರು ಬೆರೆಸಿದ ಗುರುತೇ ಆಗಬೇಕಿಲ್ಲ. ಮುಂದೆ ಇಳುವರಿ ತಗ್ಗಿದಂತೆ ಅವೆರಡೂ ಮತ್ತೆ ಏರಿ ಹಾಲು ಗಟ್ಟಿಯಾಗುತ್ತದೆ.

ಉಪ್ಪಿನ ರುಚಿಗೆ ಕಾರಣ ಬೇರೆ. ಹಾಲಿನೊಳಗೆ ನೀರನ್ನು ಸೆಳೆಯುವುದು ಮುಖ್ಯವಾಗಿ ಲ್ಯಾಕ್ಟೋಸ್ ಸಕ್ಕರೆ. ಕೊನೆಗಾಲದಲ್ಲಿ ಅದರ ಉತ್ಪಾದನೆ ತಗ್ಗುತ್ತದೆ. ಆ ಕೊರತೆ ತುಂಬಲು ರಕ್ತದಿಂದ ಸೋಡಿಯಂ, ಕ್ಲೋರೈಡ್ ಹೆಚ್ಚಾಗಿ ಸೇರುತ್ತವೆ. ನಡುಗಾಲದಲ್ಲೇ ಹಾಲು ಹಠಾತ್ತನೆ ಉಪ್ಪಾದರೆ ಕೆಚ್ಚಲುಬಾವು ಇರಬಹುದು, ಪಶುವೈದ್ಯರಿಗೆ ತೋರಿಸಿ.

ಗಿಣ್ಣು ಮಾಡುವ ಮನೆಯವರಲ್ಲಿ ಒಂದು ವಿನಂತಿ: ಮೊದಲ ಕರಾವು ಕರುವಿನದು. ಅದು ಹೊಟ್ಟೆ ತುಂಬ ಕುಡಿದ ಮೇಲೆ ಉಳಿದದ್ದನ್ನಷ್ಟೇ ಒಲೆಗಿಡಿ.