ನೀರು ನಿಂತ ಟ್ರ್ಯಾಕಿನಲ್ಲಿ ಹನ್ನೆರಡು ಸುತ್ತು

ಬೈಕ್ ರೇಸ್ ಎಂದರೆ ಬರೀ ವೇಗ ಎಂದುಕೊಂಡವರು 2016ರ ಜೂನ್ 26ರಂದು ನೆದರ್ಲೆಂಡ್ಸ್‌ನ ಆಸೆನ್‌ನಲ್ಲಿ ನಡೆದದ್ದನ್ನು ಕೇಳಬೇಕು. ವಿಶ್ವ ಚಾಂಪಿಯನ್‌ಶಿಪ್ಪಿನ ಮೋಟೊಜಿಪಿ ಸ್ಪರ್ಧೆ. ಮಳೆ ಎಷ್ಟು ಜೋರಾಯಿತೆಂದರೆ ಕೆಂಪು ಬಾವುಟ ತೋರಿಸಿ ಓಟವನ್ನೇ ನಿಲ್ಲಿಸಬೇಕಾಯಿತು. ಬಳಿಕ 12 ಸುತ್ತುಗಳ ಹೊಸ ಓಟ.

ಒಣ ಟ್ರ್ಯಾಕಿಗೆ ಬಳಸುವ ಟೈರು ಪೂರ್ತಿ ಬೋಳು. ರಬ್ಬರು ನೆಲಕ್ಕೆ ಅಂಟಿದಷ್ಟೂ ಹಿಡಿತ ಹೆಚ್ಚು. ನೀರು ನಿಂತರೆ ಅದೇ ಟೈರು ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಅದಕ್ಕೇ ಮಳೆಗೆ ಬೇರೆ ಟೈರು: ಮೆತ್ತನೆಯ ರಬ್ಬರು, ನೀರನ್ನು ಹೊರದೂಡುವ ಆಳದ ಗೀರುಗಳು. ಆದರೂ ಹಿಡಿತ ಕಡಿಮೆಯೇ. ಇರುವಷ್ಟನ್ನೇ ಬ್ರೇಕಿಗೂ ತಿರುವಿಗೂ ಹಂಚಬೇಕು. ಬೈಕು ವಾಲಿರುವಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿದರೆ ಮುಗಿಯಿತು. ಬಣ್ಣ ಬಳಿದ ಗೆರೆಗಳಂತೂ ಇನ್ನೂ ಜಾರು. ಮಳೆಯಲ್ಲಿ ಜೀಬ್ರಾ ಕ್ರಾಸಿಂಗ್ ಮೇಲೆ ಸ್ಕೂಟರ್ ಜಾರಿದವರಿಗೆ ಇದನ್ನು ಹೇಳಬೇಕಿಲ್ಲ!

ಒಂಬತ್ತು ಬಾರಿಯ ವಿಶ್ವ ಚಾಂಪಿಯನ್ ವ್ಯಾಲೆಂಟಿನೊ ರೊಸ್ಸಿಗೂ ಅಂದು ಈ ಲೆಕ್ಕ ತಪ್ಪಿತು. ಎಲ್ಲರಿಗಿಂತ ಮುಂದಿದ್ದವರು ಮೂರನೇ ಸುತ್ತಿನಲ್ಲಿ ಜಾರಿಬಿದ್ದರು. ಆಗ ಮುಂದೆ ಬಂದವರು ಮಾರ್ಕ್ ಮಾರ್ಕೆಜ್. ಅವರನ್ನೂ ದಾಟಿದ್ದು ಆಸ್ಟ್ರೇಲಿಯಾದ 21 ವರ್ಷದ ಜಾಕ್ ಮಿಲ್ಲರ್. ಹಿಂದಿನ ವರ್ಷವಷ್ಟೇ ಕಿರಿಯ ಮೋಟೊ3 ವರ್ಗದಿಂದ ನೇರವಾಗಿ ಇಲ್ಲಿಗೆ ಜಿಗಿದವರು. ಸುಮಾರು 2 ಸೆಕೆಂಡುಗಳ ಅಂತರದಿಂದ ಗೆದ್ದರು. ಮೋಟೊಜಿಪಿಯಲ್ಲಿ ಅದು ಅವರ ಮೊದಲ ಗೆಲುವು.

ಹುಡುಗರ ಕಣ್ಣೆಲ್ಲ ಮಿಲ್ಲರ್ ಮೇಲೆ. ನನಗೆ ಮೆಚ್ಚುಗೆಯಾದದ್ದು ಮಾರ್ಕೆಜ್. ಹಟಕ್ಕೆ ಬಿದ್ದು ಬೆನ್ನಟ್ಟದೆ, ಎರಡನೇ ಸ್ಥಾನದ 20 ಅಂಕ ಸಾಕೆಂದು ಸುಮ್ಮನಾದರು. ಅಂದು ರೊಸ್ಸಿಗೆ ಸಿಕ್ಕಿದ್ದು ಸೊನ್ನೆ. ಆ ವರ್ಷದ ವಿಶ್ವ ಪ್ರಶಸ್ತಿ ಮಾರ್ಕೆಜ್ ಪಾಲಾಯಿತು.