ಹಾಲು ಒಗ್ಗದವರಿಗೆ ಲ್ಯಾಕ್ಟೇಸ್ ಮಾತ್ರೆ: ಶ್ರಾವಕರು ತಿಳಿದಿರಬೇಕಾದ ಸಂಗತಿಗಳು

ಮೊಟ್ಟೆ, ಮೀನು, ಮಾಂಸದ ಜೊತೆಗೆ ಗೆಡ್ಡೆಗೆಣಸನ್ನೂ ಬಿಟ್ಟಿರುವ ಜೈನ ಕುಟುಂಬಗಳ ಊಟದಲ್ಲಿ ಹಾಲಿಗೆ ದೊಡ್ಡ ಸ್ಥಾನವಿದೆ. ಕ್ಯಾಲ್ಸಿಯಂ ಹಾಗೂ ಒಳ್ಳೆಯ ಪ್ರೋಟೀನ್ ಹಾಲಿನಲ್ಲಿವೆ. ಇಂಥ ಆಹಾರದಲ್ಲಿ ವಿಟಮಿನ್ ಬಿ12 ಸಿಗುವುದಂತೂ ಬಹುಮಟ್ಟಿಗೆ ಹಾಲು ಮತ್ತು ಹಾಲಿನ ಪದಾರ್ಥಗಳಿಂದಲೇ. ಆದರೆ ಒಂದು ಲೋಟ ಹಾಲು ಕುಡಿದ ಒಂದೆರಡು ಗಂಟೆಯೊಳಗೆ ಹೊಟ್ಟೆ ಉಬ್ಬರ, ಗುಡುಗುಡು ಸದ್ದು, ನೋವು, ಭೇದಿ ಕಾಣಿಸಿಕೊಳ್ಳುವವರು ಹಲವರಿದ್ದಾರೆ. ಇವರಲ್ಲಿ ಹೆಚ್ಚಿನವರು ‘ಹಾಲು ನನಗೆ ಆಗಿಬರುವುದಿಲ್ಲ’ ಎಂದು ಹಾಲನ್ನೇ ಪೂರ್ತಿ ಬಿಟ್ಟುಬಿಡುತ್ತಾರೆ. ಅದರ ಬದಲಿಗೆ ಬೇರೇನನ್ನೂ ತೆಗೆದುಕೊಳ್ಳದಿದ್ದರೆ ಕಾಲಕ್ರಮದಲ್ಲಿ ಮೂಳೆ ಸವೆತ, ಬಿ12 ಕೊರತೆಯಿಂದ ರಕ್ತಹೀನತೆ, ಕೈಕಾಲು ಜೋಮು ಹಿಡಿಯುವುದು ಮುಂತಾದ ತೊಂದರೆಗಳಿಗೆ ದಾರಿಯಾಗಬಹುದು. ಹಾಲು ಬಿಡುವ ಮೊದಲು ತಿಳಿಯಬೇಕಾದ ಒಂದು ಉಪಾಯ ಲ್ಯಾಕ್ಟೇಸ್ ಮಾತ್ರೆ.

ತೊಂದರೆಗೆ ಕಾರಣ

ಹಾಲಿನಲ್ಲಿರುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. 250 ಮಿ.ಲೀ. ಹಾಲಿನಲ್ಲಿ ಇದು ಸುಮಾರು 12 ಗ್ರಾಂ ಇರುತ್ತದೆ. ಇದನ್ನು ಒಡೆದು ಗ್ಲುಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಮಾಡುವ ಕಿಣ್ವವೇ ಲ್ಯಾಕ್ಟೇಸ್. ಸಣ್ಣ ಕರುಳಿನ ಒಳಪದರದಲ್ಲಿ ಇದು ತಯಾರಾಗುತ್ತದೆ. ಎದೆಹಾಲು ಕುಡಿಯುವ ವಯಸ್ಸಿನಲ್ಲಿ ಲ್ಯಾಕ್ಟೇಸ್ ಹೇರಳವಾಗಿರುತ್ತದೆ, ಬೆಳೆದಂತೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಇದು ರೋಗವಲ್ಲ, ಹುಟ್ಟಿನಿಂದ ಬಂದ ದೇಹಗುಣ. ಪ್ರಪಂಚದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಸ್ಥಿತಿ ಹೀಗೆಯೇ ಇದೆ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸುತ್ತವೆ. ಗಾಳಿ ತುಂಬುವುದು, ಹೊಟ್ಟೆ ನೋಯುವುದು ಇದರಿಂದಲೇ.

ಹಾಲಿನ ರಸತ್ಯಾಗ ಮಾಡಿದ ದಿನಗಳಲ್ಲಿ ಹೊಟ್ಟೆ ಹಗುರವಾಗಿದ್ದು, ಮತ್ತೆ ಹಾಲು ಶುರುವಾದೊಡನೆ ತೊಂದರೆ ಮರುಕಳಿಸಿದರೆ ಅದೊಂದು ಸುಳಿವು. ಖಚಿತಪಡಿಸಿಕೊಳ್ಳಲು ಉಸಿರಿನಲ್ಲಿರುವ ಹೈಡ್ರೋಜನ್ ಅಳೆಯುವ ಪರೀಕ್ಷೆ ಇದೆ.

ಮಾತ್ರೆ ತೆಗೆದುಕೊಳ್ಳುವ ಕ್ರಮ

ದೇಹದಲ್ಲಿ ಕಡಿಮೆಯಾದ ಕಿಣ್ವವನ್ನು ಊಟದ ಜೊತೆ ಹೊರಗಿನಿಂದ ಒದಗಿಸುವುದಷ್ಟೇ ಮಾತ್ರೆಯ ಕೆಲಸ. ಅದು ಕರುಳಿನ ಗುಣವನ್ನು ಬದಲಿಸುವುದಿಲ್ಲ, ಬೆಳಿಗ್ಗೆ ನುಂಗಿದರೆ ಸಂಜೆಯ ಹಾಲಿಗೆ ಉಪಯೋಗಕ್ಕೆ ಬರುವುದೂ ಇಲ್ಲ. ಹಾಲು ಅಥವಾ ಪಾಯಸದ ಮೊದಲ ಗುಟುಕಿನ ಜೊತೆಗೆ, ಇಲ್ಲವೇ ಅದಕ್ಕೆ ಸ್ವಲ್ಪ ಮೊದಲು ತೆಗೆದುಕೊಳ್ಳಬೇಕು. ಹೊಟ್ಟೆ ನೋವು ಶುರುವಾದ ಮೇಲೆ ನುಂಗಿದರೆ ಹೆಚ್ಚಿನ ಪ್ರಯೋಜನವಿಲ್ಲ. ‘ಮಾತ್ರೆ ನನಗೆ ಕೆಲಸ ಮಾಡಲಿಲ್ಲ’ ಎನ್ನುವವರು ಮೊದಲು ನೋಡಿಕೊಳ್ಳಬೇಕಾದದ್ದು ಈ ಸಮಯವನ್ನೇ.

ಇದರ ಶಕ್ತಿಯನ್ನು ಎಫ್‌ಸಿಸಿ ಯೂನಿಟ್‌ಗಳಲ್ಲಿ ಅಳೆಯುತ್ತಾರೆ. 3000, 4500, 9000 ಯೂನಿಟ್‌ಗಳ ಮಾತ್ರೆಗಳು ಸಾಮಾನ್ಯ. ಲ್ಯಾಕ್ಟೋಸ್ ಇರುವ ಪ್ರತಿ ಊಟಕ್ಕೂ ಕನಿಷ್ಠ 4500 ಯೂನಿಟ್ ಎಂಬುದು ಯುರೋಪಿನ ಆಹಾರ ನಿಯಮ ಒಪ್ಪಿರುವ ಪ್ರಮಾಣ. ಎಷ್ಟು ಬೇಕು ಎಂಬುದು ಕುಡಿಯುವ ಹಾಲಿನ ಪ್ರಮಾಣ ಮತ್ತು ದೇಹವನ್ನು ಅವಲಂಬಿಸಿದೆ. ಊಟ ಬಹಳ ಹೊತ್ತು ನಡೆದರೆ ನಡುವೆ ಇನ್ನೊಂದು ಬೇಕಾಗಬಹುದು.

ಹಾಲಿಗೇ ಬೆರೆಸುವ ಹನಿಗಳೂ ಸಿಗುತ್ತವೆ. ಬಿಸಿ ಹಾಲಿಗೆ ಹಾಕಿದರೆ ಕಿಣ್ವ ಕೆಡುತ್ತದೆ. ಕಾಯಿಸಿ ಆರಿಸಿದ ಹಾಲಿಗೆ ಹಾಕಿ, ಸಾಮಾನ್ಯವಾಗಿ 24 ಗಂಟೆ ಫ್ರಿಜ್‌ನಲ್ಲಿ ಇಡಬೇಕು. ಹಾಲು ತುಸು ಸಿಹಿಯಾಗುತ್ತದೆ. ಹಾಲಿನ ಮರ್ಯಾದೆ ಪಾಲಿಸುವವರಿಗೆ ಇಷ್ಟು ದೀರ್ಘ ಕಾಲ ಹೊಂದುವುದು ಕಷ್ಟ, ಅವರಿಗೆ ಮಾತ್ರೆಯೇ ಅನುಕೂಲ.

ಇದು ಸಸ್ಯಾಹಾರವೇ?

ಮಾತ್ರೆಗಳಲ್ಲಿರುವ ಲ್ಯಾಕ್ಟೇಸ್ ಅನ್ನು ಸಾಮಾನ್ಯವಾಗಿ ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟಿನಿಂದ, ಹನಿಗಳಲ್ಲಿರುವುದನ್ನು ಹೆಚ್ಚಾಗಿ ಯೀಸ್ಟ್‌ನಿಂದ ಪಡೆಯುತ್ತಾರೆ. ಸೂಕ್ಷ್ಮಜೀವಿಗಳನ್ನು ಬೆಳೆಸಿ, ಕಿಣ್ವವನ್ನು ಬೇರ್ಪಡಿಸಿ, ಶುದ್ಧಗೊಳಿಸಿ ತಯಾರಿಸುತ್ತಾರೆ. ಪ್ರಾಣಿಗಳ ಅಂಗಾಂಶ ಇದಕ್ಕೆ ಬೇಕಿಲ್ಲ. ಆದರೂ ಸೂಕ್ಷ್ಮಜೀವಿಗಳ ವಿಷಯದಲ್ಲಿ ಕಟ್ಟುನಿಟ್ಟಿನ ನಿಯಮ ಹಿಡಿದವರು ತಮ್ಮ ಗುರುಗಳ ಅಭಿಪ್ರಾಯ ಕೇಳುವುದು ಒಳ್ಳೆಯದು.

ಹೆಚ್ಚು ಎಚ್ಚರ ಬೇಕಾದದ್ದು ಹೊರಕವಚದ ಬಗ್ಗೆ. ಅನೇಕ ಕ್ಯಾಪ್ಸೂಲ್‌ಗಳ ಕವಚವನ್ನು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್‌ನಿಂದ ಮಾಡಿರುತ್ತಾರೆ. ಸಸ್ಯಮೂಲದ ಕವಚವಾದರೆ ಚೀಟಿಯಲ್ಲಿ ಎಚ್‌ಪಿಎಂಸಿ ಅಥವಾ ಹೈಪ್ರೊಮೆಲ್ಲೋಸ್ ಎಂದಿರುತ್ತದೆ. ಮಾತ್ರೆಗಳಲ್ಲಿ ಬಳಸುವ ಮೆಗ್ನೀಸಿಯಂ ಸ್ಟಿಯರೇಟ್ ಸಸ್ಯಮೂಲದ್ದೂ ಇರಬಹುದು, ಪ್ರಾಣಿಮೂಲದ್ದೂ ಇರಬಹುದು. ಭಾರತದಲ್ಲಿ ಆಹಾರ ಪೂರಕವೆಂದು ಮಾರುವ ಪೊಟ್ಟಣದ ಮೇಲೆ ಹಸಿರು ಗುರುತು ನೋಡಬಹುದು. ಔಷಧವೆಂದು ಮಾರುವುದರ ಮೇಲೆ ಸಾಮಾನ್ಯವಾಗಿ ಈ ಗುರುತು ಇರುವುದಿಲ್ಲ, ಆಗ ತಯಾರಕರನ್ನೇ ಕೇಳಬೇಕಾಗುತ್ತದೆ. ವಿದೇಶದಿಂದ ತರಿಸುವವರು ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಬೇಕು.

ವ್ರತದ ದಿನಗಳಲ್ಲಿ

ಏಕಾಶನ ಮಾಡುವವರು ದಿನದ ಹಾಲನ್ನೆಲ್ಲ ಒಂದೇ ಊಟದಲ್ಲಿ ಸೇವಿಸುವುದರಿಂದ ತೊಂದರೆ ಹೆಚ್ಚಾಗಿ ಕಾಣಬಹುದು. ಊಟದ ಆರಂಭದಲ್ಲೇ ಮಾತ್ರೆ ತೆಗೆದುಕೊಂಡರೆ ಬೇರೆ ಹೊತ್ತಿನಲ್ಲಿ ನೀರು ಕುಡಿಯುವ ಪ್ರಸಂಗ ಬರುವುದಿಲ್ಲ. ಸೂರ್ಯಾಸ್ತದ ನಂತರ ಆಹಾರ ಬಿಟ್ಟವರಿಗೂ ಇದೇ ಅನುಕೂಲ. ವ್ರತದಲ್ಲಿ ಇಂಥ ಮಾತ್ರೆಗೆ ಅವಕಾಶವಿದೆಯೇ ಎಂಬುದನ್ನು ನಿಯಮ ಕೊಟ್ಟವರ ಬಳಿ ಮುಂಚೆಯೇ ಕೇಳಿಕೊಳ್ಳಬೇಕು.

ಮಾತ್ರೆ ಬೇಡವೆನಿಸಿದರೂ ದಾರಿಗಳಿವೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಮೊಸರಿನಲ್ಲಿ ಒಂದಷ್ಟು ಲ್ಯಾಕ್ಟೋಸ್ ಹೆಪ್ಪಾಗುವಾಗಲೇ ಒಡೆದಿರುತ್ತದೆ. ಆದ್ದರಿಂದ ಹಾಲು ಒಗ್ಗದ ಹಲವರಿಗೆ ಮೊಸರು, ಮಜ್ಜಿಗೆ ಒಗ್ಗುತ್ತವೆ. ಖೋವಾ, ಪೇಡದಲ್ಲಿ ಲ್ಯಾಕ್ಟೋಸ್ ಸಾಂದ್ರವಾಗಿರುತ್ತದೆ. ಹಾಲನ್ನೂ ಸ್ವಲ್ಪ ಸ್ವಲ್ಪವಾಗಿ, ಊಟದ ಜೊತೆ ಕುಡಿದರೆ ಬಹಳ ಮಂದಿ ತಡೆದುಕೊಳ್ಳುತ್ತಾರೆ. ಹಾಲು ಬಿಟ್ಟವರಿಗೆ ರಾಗಿ ಮತ್ತು ಎಳ್ಳು ಕ್ಯಾಲ್ಸಿಯಂ ಕೊಡುತ್ತವೆ. ಆದರೆ ಬಿ12 ಅವುಗಳಿಂದ ಸಿಗದು, ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ವೈದ್ಯರನ್ನು ಕೇಳಬೇಕಾದವರು

ಹಾಲಿನ ಅಲರ್ಜಿ ಬೇರೆ. ಹಾಲು ಕುಡಿದಾಗ ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಬಂದರೆ ಅದು ಹಾಲಿನ ಪ್ರೋಟೀನ್‌ಗೆ ದೇಹ ತೋರುವ ಪ್ರತಿಕ್ರಿಯೆ. ಅದಕ್ಕೆ ಈ ಮಾತ್ರೆ ಪರಿಹಾರವಲ್ಲ, ಅದನ್ನು ನಂಬಿ ಹಾಲು ಕುಡಿಯುವುದು ಅಪಾಯ. ಗ್ಯಾಲಕ್ಟೋಸೀಮಿಯಾ ಇರುವವರೂ ಇದನ್ನು ಬಳಸಬಾರದು. ಮಾತ್ರೆ ತೆಗೆದುಕೊಂಡಾಗ ಹಾಲಿನ ಸಕ್ಕರೆ ದೇಹಕ್ಕೆ ಸೇರುವುದರಿಂದ ಮಧುಮೇಹಿಗಳು ವೈದ್ಯರಿಗೆ ತಿಳಿಸಬೇಕು. ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡುವ ಮುನ್ನವೂ ಕೇಳಬೇಕು. ತೂಕ ಇಳಿಯುವುದು, ಮಲದಲ್ಲಿ ರಕ್ತ, ಬಹುದಿನದ ಭೇದಿ ಇದ್ದರೆ ಹಾಲಿನ ಮೇಲೆ ತಪ್ಪು ಹೊರಿಸಿ ಸುಮ್ಮನಾಗದೆ ತಪಾಸಣೆ ಮಾಡಿಸಿಕೊಳ್ಳಬೇಕು.