ವರ್ತಕರ ಷೇರಿನಿಂದ ಉಳಿದ ತಂಡ: ಗ್ರೀನ್ ಬೇ ಪ್ಯಾಕರ್ಸ್ ಪ್ರಶಸ್ತಿ ಗೆದ್ದ ಬಗೆ

ಅಮೆರಿಕದಲ್ಲಿ ವೃತ್ತಿಪರ ಕ್ರೀಡೆಯು ಒಂದು ಬೃಹತ್ ಉದ್ಯಮ. ಅಲ್ಲಿನ ಫುಟ್‌ಬಾಲ್ ತಂಡಗಳ ಒಡೆತನವು ಸಾಮಾನ್ಯವಾಗಿ ಕುಬೇರರ ಇಲ್ಲವೇ ಶ್ರೀಮಂತ ಮನೆತನಗಳ ಕೈಯಲ್ಲಿರುತ್ತದೆ. ತಂಡಗಳು ನೆಲೆಸಿರುವುದೂ ಬಹುಮಟ್ಟಿಗೆ ನ್ಯೂಯಾರ್ಕ್, ಷಿಕಾಗೊ, ಡಲ್ಲಾಸ್‌ನಂತಹ ಮಹಾನಗರಗಳಲ್ಲಿ. ಈ ಎರಡೂ ರೂಢಿಗಳಿಗೆ ಹೊರತಾಗಿ ನಿಂತಿರುವುದು ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಪ್ಯಾಕರ್ಸ್ ತಂಡ. ಸುಮಾರು ಒಂದು ಲಕ್ಷ ಜನಸಂಖ್ಯೆಯ, ಕಾಗದದ ಗಿರಣಿಗಳ ಊರಾದ ಗ್ರೀನ್ ಬೇ ಈ ತಂಡದ ನೆಲೆ. ಸಾಮಾನ್ಯ ಷೇರುದಾರರು ಇದರ ಒಡೆಯರು. 1997ರ ಜನವರಿ 26ರಂದು ಈ ತಂಡವು ರಾಷ್ಟ್ರೀಯ ಪ್ರಶಸ್ತಿಯಾದ ಸೂಪರ್ ಬೌಲ್ ಅನ್ನು 29 ವರ್ಷಗಳ ನಂತರ ಮತ್ತೆ ತನ್ನದಾಗಿಸಿಕೊಂಡಿತು. ಆ ಗೆಲುವಿನ ಹಿಂದಿನ ವ್ಯವಹಾರದ ಲೆಕ್ಕವು ಸಣ್ಣ ಊರುಗಳಲ್ಲಿ ಉದ್ದಿಮೆ ನಡೆಸುವವರಿಗೆ ಗಮನಾರ್ಹವಾದುದು.

ಅಮೆರಿಕನ್ ಫುಟ್‌ಬಾಲ್ ಎಂದರೆ ನಮ್ಮಲ್ಲಿ ಪರಿಚಿತವಾದ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟವಿದು. ಪ್ರತಿ ಪಕ್ಷದಲ್ಲಿ 11 ಮಂದಿ. ಚೆಂಡನ್ನು ಎಸೆದು ಆಟ ನಡೆಸುವವನೇ ಕ್ವಾರ್ಟರ್‌ಬ್ಯಾಕ್. 1996ರಲ್ಲಿ ರಾಷ್ಟ್ರೀಯ ಲೀಗ್‌ನಲ್ಲಿ 30 ತಂಡಗಳಿದ್ದು, ಪ್ರತಿ ತಂಡವೂ 16 ಪಂದ್ಯಗಳನ್ನಾಡಿ, ಮುಂದಿದ್ದವು ನಿರ್ಣಾಯಕ ಸುತ್ತುಗಳಿಗೆ ಅರ್ಹತೆ ಪಡೆಯುತ್ತಿದ್ದವು.

ಐದು ಡಾಲರ್‌ನ ಷೇರು

ಈ ತಂಡ ಹುಟ್ಟಿದ್ದು 1919ರಲ್ಲಿ. ಆಟಗಾರರ ಉಡುಪಿಗೆಂದು 500 ಡಾಲರ್ ಕೊಟ್ಟದ್ದು ಇಂಡಿಯನ್ ಪ್ಯಾಕಿಂಗ್ ಕಂಪನಿ ಎಂಬ ಸ್ಥಳೀಯ ಮಾಂಸ ಸಂಸ್ಕರಣ ಸಂಸ್ಥೆ. 'ಪ್ಯಾಕರ್ಸ್' ಎಂಬ ಹೆಸರು ಬಂದದ್ದು ಅಲ್ಲಿಂದಲೇ. 1922ರಲ್ಲಿ ಮಳೆಯಿಂದಾಗಿ ಪ್ರೇಕ್ಷಕರು ಬಾರದೆ ತಂಡವು ಸಾಲಕ್ಕೆ ಸಿಲುಕಿತು. ಆಗ ಊರಿನ ಪತ್ರಿಕೆಯ ಪ್ರಕಾಶಕ ಆಂಡ್ರ್ಯೂ ಟರ್ನ್‌ಬುಲ್ ವರ್ತಕರನ್ನು ಒಗ್ಗೂಡಿಸಿದರು. 1923ರಲ್ಲಿ ತಲಾ 5 ಡಾಲರ್ ಬೆಲೆಯ ಷೇರುಗಳನ್ನು ಮಾರಿ, ತಂಡವನ್ನು ಲಾಭರಹಿತ ನಿಗಮವನ್ನಾಗಿ ರೂಪಿಸಲಾಯಿತು. ಮುಂದೆ 1935 ಮತ್ತು 1950ರಲ್ಲಿ ತಂಡವು ಮುಳುಗುವ ಸ್ಥಿತಿ ತಲುಪಿದಾಗಲೂ ಊರವರು ಮತ್ತೆ ಷೇರು ಕೊಂಡು ಅದನ್ನು ಉಳಿಸಿಕೊಂಡರು.

ಈ ಷೇರಿನ ಸ್ವರೂಪ ವಿಶಿಷ್ಟವಾದುದು. ಇದಕ್ಕೆ ಲಾಭಾಂಶವಿಲ್ಲ. ಮಾರುಕಟ್ಟೆಯಲ್ಲಿ ಮಾರುವಂತಿಲ್ಲ, ಬೆಲೆಯೂ ಏರುವುದಿಲ್ಲ. ಷೇರುದಾರನಿಗೆ ದೊರೆಯುವುದು ನಿರ್ದೇಶಕರನ್ನು ಆರಿಸುವ ಮತ ಹಾಗೂ ವಾರ್ಷಿಕ ಸಭೆಯಲ್ಲಿ ಒಂದು ಆಸನ ಮಾತ್ರ. ಒಬ್ಬನೇ ವ್ಯಕ್ತಿ ಹಿಡಿತ ಸಾಧಿಸದಂತೆ ಷೇರುಗಳ ಸಂಖ್ಯೆಗೂ ಮಿತಿಯುಂಟು. ತಂಡವನ್ನು ಮಾರಿದರೂ ಷೇರುದಾರರಿಗೆ ಬಿಡಿಗಾಸೂ ಬಾರದು. ಆ ಹಣ ದಾನಕಾರ್ಯಕ್ಕೆ ಸಲ್ಲಬೇಕೆಂಬುದು ನಿಗಮದ ನಿಬಂಧನೆ. ಹೀಗಾಗಿ ತಂಡವನ್ನು ದೊಡ್ಡ ನಗರಕ್ಕೆ ಮಾರಿ ಲಾಭ ಮಾಡಿಕೊಳ್ಳುವ ಆಸೆಗೆ ಅವಕಾಶವೇ ಉಳಿಯಲಿಲ್ಲ.

ಪೈಪೋಟಿಗಾರರ ಒಪ್ಪಂದ

ಆದರೆ ಷೇರುದಾರರ ಅಭಿಮಾನವೊಂದರಿಂದಲೇ ಸಣ್ಣ ಊರಿನ ತಂಡ ಬಾಳಲು ಸಾಧ್ಯವಿರಲಿಲ್ಲ. 1961ರಲ್ಲಿ ಲೀಗ್‌ನ ಆಯುಕ್ತ ಪೀಟ್ ರೋಜೆಲ್ ದೂರದರ್ಶನ ಪ್ರಸಾರದ ಹಕ್ಕನ್ನು ಎಲ್ಲ ತಂಡಗಳ ಪರವಾಗಿ ಒಟ್ಟಿಗೆ ಮಾರಿ, ಬಂದ ಹಣವನ್ನು ಸಮನಾಗಿ ಹಂಚುವ ಪದ್ಧತಿಗೆ ನಾಂದಿ ಹಾಡಿದರು. ಇದಕ್ಕಾಗಿ ಅಮೆರಿಕದ ಸಂಸತ್ತು ಪ್ರತ್ಯೇಕ ಕಾನೂನನ್ನೇ ರಚಿಸಿತು. ತನ್ನ ಪಾಲಿಗೆ ಅತಿ ಹೆಚ್ಚು ಹಣ ಬರಬಹುದಾಗಿದ್ದ ನ್ಯೂಯಾರ್ಕ್ ತಂಡದ ಮಾಲೀಕರೂ ಈ ಸಮಪಾಲಿಗೆ ಒಪ್ಪಿದರು. ಎದುರಾಳಿ ದುರ್ಬಲನಾದರೆ ಪಂದ್ಯಕ್ಕೇ ಬೆಲೆಯಿರದು ಎಂಬ ವಿವೇಕ ಈ ಒಪ್ಪಂದದ ಹಿಂದಿತ್ತು. 1994ರಲ್ಲಿ ಪ್ರತಿ ತಂಡವೂ ಆಟಗಾರರ ವೇತನಕ್ಕೆ ವ್ಯಯಿಸಬಹುದಾದ ಮೊತ್ತಕ್ಕೆ ಮಿತಿ ಬಂದಿತು. ಆ ವರ್ಷದ ಮಿತಿ 3.46 ಕೋಟಿ ಡಾಲರ್. ಅಲ್ಲಿಂದ ಮುಂದೆ ಹಣಬಲಕ್ಕಿಂತ ಆಯ್ಕೆಯ ಜಾಣ್ಮೆಗೆ ಹೆಚ್ಚು ಬೆಲೆ ಬಂದಿತು.

ಅಧಿಕಾರ ಬಲ್ಲವರ ಕೈಗೆ

1960ರ ದಶಕದಲ್ಲಿ ವಿನ್ಸ್ ಲೊಂಬಾರ್ಡಿಯವರ ತರಬೇತಿಯಲ್ಲಿ ಅಜೇಯವೆನಿಸಿದ್ದ ತಂಡವು, ಬಳಿಕ ಕಾಲು ಶತಮಾನದ ಕಾಲ ಸೊರಗಿತ್ತು. 1968ರಿಂದ 1991ರವರೆಗಿನ 24 ಋತುಗಳಲ್ಲಿ ಅದು ನಿರ್ಣಾಯಕ ಸುತ್ತು ತಲುಪಿದ್ದು ಎರಡೇ ಬಾರಿ. 1991ರಲ್ಲಿ 16 ಪಂದ್ಯಗಳ ಪೈಕಿ ಗೆದ್ದದ್ದು ಕೇವಲ 4. ಆ ವರ್ಷದ ನವೆಂಬರ್‌ನಲ್ಲಿ ಅಧ್ಯಕ್ಷ ಬಾಬ್ ಹಾರ್ಲನ್ ಅನುಭವಿ ರಾನ್ ವುಲ್ಫ್ ಅವರನ್ನು ಪ್ರಧಾನ ವ್ಯವಸ್ಥಾಪಕರನ್ನಾಗಿ ನೇಮಿಸಿ, ಆಟಕ್ಕೆ ಸಂಬಂಧಿಸಿದ ಸಕಲ ನಿರ್ಧಾರಗಳ ಪೂರ್ಣಾಧಿಕಾರವನ್ನು ಅವರಿಗೇ ಬಿಟ್ಟುಕೊಟ್ಟರು.

ವುಲ್ಫ್ ಕೆಲವೇ ವಾರಗಳಲ್ಲಿ ಮೈಕ್ ಹೋಮ್‌ಗ್ರೆನ್ ಅವರನ್ನು ತರಬೇತುದಾರರನ್ನಾಗಿ ಕರೆತಂದರು. ಅಟ್ಲಾಂಟಾ ತಂಡದಲ್ಲಿ ಮೂಲೆಗುಂಪಾಗಿದ್ದ ಯುವಕ ಬ್ರೆಟ್ ಫಾರ್ವ್‌ಗಾಗಿ ಮೊದಲ ಸುತ್ತಿನ ಆಯ್ಕೆಯ ಹಕ್ಕನ್ನೇ ತೆತ್ತರು. ಹಿಂದಿನ ಋತುವಿನಲ್ಲಿ ಫಾರ್ವ್ ಎಸೆದದ್ದು ನಾಲ್ಕೇ ಚೆಂಡು. ಒಂದೂ ಸಹ ಆಟಗಾರನ ಕೈ ಸೇರಿರಲಿಲ್ಲ, ಎರಡು ಎದುರಾಳಿಯ ಪಾಲಾಗಿದ್ದವು. ಅದೇ ಫಾರ್ವ್ 1995ರಿಂದ ಸತತ ಮೂರು ವರ್ಷ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು. 1993ರಲ್ಲಿ ಹೆಸರಾಂತ ರಕ್ಷಣಾ ಆಟಗಾರ ರೆಗ್ಗಿ ವೈಟ್ ನಾಲ್ಕು ವರ್ಷಗಳಿಗೆ 1.7 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿ, ಮಹಾನಗರಗಳನ್ನು ಬಿಟ್ಟು ಈ ಚಳಿಯೂರಿಗೆ ಬಂದರು. ಫಲ ಒಮ್ಮೆಲೇ ದೊರೆಯಲಿಲ್ಲ. ಸತತ ಮೂರು ವರ್ಷ 9 ಗೆಲುವು, ನಂತರ 11. 1995ರ ಋತುವಿನಲ್ಲಿ ತಂಡವು ಸೂಪರ್ ಬೌಲ್‌ಗೆ ಒಂದೇ ಹೆಜ್ಜೆ ಹಿಂದೆ ಡಲ್ಲಾಸ್ ಎದುರು ಸೋತಿತು.

1996ರ ಪರೀಕ್ಷೆ

1996ರ ಮೇ ತಿಂಗಳಿನಲ್ಲಿ ಫಾರ್ವ್ ತಾವು ನೋವು ನಿವಾರಕ ಗುಳಿಗೆಗಳ ಚಟಕ್ಕೆ ಒಳಗಾಗಿರುವುದಾಗಿ ಬಹಿರಂಗವಾಗಿ ತಿಳಿಸಿ ಚಿಕಿತ್ಸೆಗೆ ಸೇರಿದರು. ಋತು ಆರಂಭವಾದಾಗ ಚೇತರಿಸಿಕೊಂಡು ಕಣಕ್ಕಿಳಿದರು. ಮೊದಲ ಮೂರು ಪಂದ್ಯಗಳಲ್ಲಿ ತಂಡವು 34–3, 39–13, 42–10ರ ಭರ್ಜರಿ ಜಯ ಸಾಧಿಸಿತು. ಆದರೆ ಅಕ್ಟೋಬರ್‌ನಲ್ಲಿ ಚೆಂಡು ಹಿಡಿಯುವ ಪ್ರಮುಖ ಆಟಗಾರ ರಾಬರ್ಟ್ ಬ್ರೂಕ್ಸ್ ಮೊಣಕಾಲಿನ ಗಾಯದಿಂದ ಋತುವಿಡೀ ಹೊರಗುಳಿದರು. ಅವರ ಜೊತೆಗಾರ ಆಂಟೋನಿಯೊ ಫ್ರೀಮನ್‌ರ ಮುಂಗೈ ಮುರಿಯಿತು. ನವೆಂಬರ್‌ನಲ್ಲಿ ಕ್ಯಾನ್ಸಸ್ ಸಿಟಿ ಮತ್ತು ಡಲ್ಲಾಸ್ ತಂಡಗಳ ಎದುರು ಸತತ ಎರಡು ಸೋಲುಗಳು ಎದುರಾದವು.

ಆ ವೇಳೆಯಲ್ಲಿ ವುಲ್ಫ್, ಬೇರೆ ತಂಡವು ಕೈಬಿಟ್ಟಿದ್ದ ಆಂಡ್ರೆ ರೈಸನ್ ಅವರನ್ನು ಸೇರಿಸಿಕೊಂಡರು. ಋತುವಿಗೆ ಮುನ್ನ ಸೇರಿದ್ದ ಡೆಸ್ಮಂಡ್ ಹೋವರ್ಡ್ ಕೂಡ ಎರಡು ತಂಡಗಳಲ್ಲಿ ಹೆಸರು ಮಾಡದೆ ಬಂದವರೇ. ಉಳಿದ ಐದು ಪಂದ್ಯಗಳನ್ನೂ ತಂಡ ಗೆದ್ದಿತು. 16 ಪಂದ್ಯಗಳಲ್ಲಿ 13 ಗೆಲುವು, ತವರಿನಲ್ಲಿ ಒಂದೂ ಸೋಲಿಲ್ಲ. ಗಳಿಸಿದ ಅಂಕ 456, ಬಿಟ್ಟುಕೊಟ್ಟದ್ದು 210. ಎರಡರಲ್ಲೂ ಲೀಗ್‌ಗೇ ಮೊದಲ ಸ್ಥಾನ. 1972ರ ಮಯಾಮಿ ತಂಡದ ನಂತರ ಇಂತಹ ಸಾಧನೆ ಯಾರಿಂದಲೂ ಆಗಿರಲಿಲ್ಲ.

ನಿರ್ಣಾಯಕ ಸುತ್ತಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊವನ್ನು 35–14ರಿಂದ ಮಣಿಸಿದ ತಂಡ, ಶೂನ್ಯಕ್ಕಿಂತ 16 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಸುಮಾರು 60,000 ಪ್ರೇಕ್ಷಕರ ಎದುರು ಕ್ಯಾರೊಲಿನಾವನ್ನು 30–13ರಿಂದ ಸೋಲಿಸಿತು. ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಎದುರಾಳಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಮೊದಲ ಅಂಕಗಳು ಬಂದದ್ದು ಫಾರ್ವ್ ಎಸೆದ 54 ಗಜದ ಚೆಂಡನ್ನು ರೈಸನ್ ಹಿಡಿದಾಗ. ಮೂರನೆಯ ಪಾದದಲ್ಲಿ ಅಂತರ 27–21ಕ್ಕೆ ಇಳಿದು ಆತಂಕ ಮೂಡಿದ ಕ್ಷಣದಲ್ಲೇ ಹೋವರ್ಡ್ ಚೆಂಡನ್ನು ಹಿಡಿದು 99 ಗಜ ಓಡಿದರು. ಪಂದ್ಯ 35–21ರಲ್ಲಿ ಮುಗಿಯಿತು, ಹೋವರ್ಡ್ ಪಂದ್ಯಶ್ರೇಷ್ಠರಾದರು. ಇತರರು ಬೇಡವೆಂದು ಬಿಟ್ಟಿದ್ದ ಇಬ್ಬರೇ ಆ ದಿನ ಬೆಲೆ ತಂದುಕೊಟ್ಟರು.

ಗೆಲುವಿನ ನಂತರ

ಪ್ರಶಸ್ತಿಯ ಹುಮ್ಮಸ್ಸನ್ನು ಆಡಳಿತವು ವ್ಯರ್ಥಗೊಳಿಸಲಿಲ್ಲ. ಇತರ ನಗರಗಳಲ್ಲಿ ಸುಸಜ್ಜಿತ ಕ್ರೀಡಾಂಗಣಗಳಿಂದ ಮಾಲೀಕರಿಗೆ ಪ್ರತ್ಯೇಕ ಆದಾಯ ಬರತೊಡಗಿದ್ದ ಕಾಲವದು. ಅದು ಎಲ್ಲರೂ ಹಂಚಿಕೊಳ್ಳಬೇಕಾದ ಆದಾಯವಾಗಿರಲಿಲ್ಲ. 1957ರಲ್ಲಿ ಕಟ್ಟಿದ ತವರಿನ ಕ್ರೀಡಾಂಗಣ ಹಿಂದುಳಿಯುವ ಅಪಾಯವಿತ್ತು. 1997ರ ನವೆಂಬರ್‌ನಿಂದ ತಲಾ 200 ಡಾಲರ್‌ಗೆ ಮತ್ತೆ ಷೇರು ಮಾರಲಾಯಿತು. ಲಾಭಾಂಶವಿಲ್ಲದ ಈ ಷೇರುಗಳು 1.2 ಲಕ್ಷದಷ್ಟು ಖರ್ಚಾಗಿ, 2.4 ಕೋಟಿ ಡಾಲರ್ ಸಂಗ್ರಹವಾಯಿತು. 2000ರಲ್ಲಿ ಬ್ರೌನ್ ಕೌಂಟಿಯ ಮತದಾರರು ಕ್ರೀಡಾಂಗಣದ ನವೀಕರಣಕ್ಕಾಗಿ ಶೇ. 0.5ರ ಹೆಚ್ಚುವರಿ ಮಾರಾಟ ತೆರಿಗೆಗೆ ಸಮ್ಮತಿಸಿದರು. 29.5 ಕೋಟಿ ಡಾಲರ್ ವೆಚ್ಚದ ಕಾಮಗಾರಿ 2003ರಲ್ಲಿ ಮುಗಿಯಿತು. ಅಗತ್ಯ ಪೂರೈಸಿದ ಮೇಲೆ 2015ರಲ್ಲಿ ಆ ತೆರಿಗೆಯನ್ನು ನಿಲ್ಲಿಸಲಾಯಿತು. ತಂಡವು 2010ರ ಋತುವಿನಲ್ಲಿ ಮತ್ತೊಮ್ಮೆ ಸೂಪರ್ ಬೌಲ್ ಗೆದ್ದಿತು. 2011 ಮತ್ತು 2021ರ ಷೇರು ಮಾರಾಟಗಳ ಬಳಿಕ ಷೇರುದಾರರ ಸಂಖ್ಯೆ 5 ಲಕ್ಷ ದಾಟಿದೆ.

ಹಳೆಯ ಗಿರಾಕಿಗಳನ್ನು ನಡೆಸಿಕೊಂಡ ರೀತಿಯೂ ಉಲ್ಲೇಖಾರ್ಹ. ದಶಕಗಳ ಕಾಲ ಕೆಲವು ಪಂದ್ಯಗಳನ್ನು ಮಿಲ್ವಾಕೀ ನಗರದಲ್ಲಿ ಆಡುತ್ತಿದ್ದ ತಂಡವು 1995ರಿಂದ ಎಲ್ಲವನ್ನೂ ಗ್ರೀನ್ ಬೇಗೆ ತಂದಾಗ, ಮಿಲ್ವಾಕೀಯ ಋತು ಟಿಕೆಟ್‌ದಾರರಿಗೆ ಪ್ರತಿ ವರ್ಷ ಕೆಲವು ಪಂದ್ಯಗಳ ಆಸನಗಳನ್ನು ಮೀಸಲಿರಿಸಿತು.

ಒಂದು ವಾಸ್ತವವನ್ನು ಮರೆಯಬಾರದು. ಲೀಗ್‌ನ ಇಂದಿನ ನಿಯಮಗಳಂತೆ ಇಂತಹ ಒಡೆತನಕ್ಕೆ ಹೊಸದಾಗಿ ಅನುಮತಿಯಿಲ್ಲ. ಹಿಂದಿನಿಂದಲೂ ಇದ್ದುದರಿಂದ ಪ್ಯಾಕರ್ಸ್‌ಗೆ ಮಾತ್ರ ವಿನಾಯಿತಿ. ಆದಕಾರಣ ಈ ಮಾದರಿಯನ್ನು ಯಥಾವತ್ತಾಗಿ ಅನುಸರಿಸುವುದು ಸುಲಭವಲ್ಲ. ಆದರೆ ಪಾಲುದಾರರು ಹಲವರಿರುವ ಯಾವುದೇ ಸಂಸ್ಥೆಗೆ ಇದರ ಒಳತಿರುಳು ಅನ್ವಯಿಸುತ್ತದೆ: ಒಡೆತನ ಎಲ್ಲರಿಗೂ ಸೇರಿರಲಿ, ದೈನಂದಿನ ನಿರ್ಧಾರ ಮಾತ್ರ ಬಲ್ಲವರಿಗೆ ಸೇರಿರಲಿ, ಗಳಿಕೆ ಸಂಸ್ಥೆಯಲ್ಲೇ ಉಳಿಯಲಿ. 1923ರಲ್ಲಿ ಐದೈದು ಡಾಲರ್ ಕೊಟ್ಟ ಅಂಗಡಿಕಾರರು ಮರಳಿ ಹಣ ಪಡೆಯಲಿಲ್ಲ. ಅವರ ಊರು ಮಾತ್ರ ತನ್ನ ತಂಡವನ್ನು ಇಂದಿಗೂ ಉಳಿಸಿಕೊಂಡಿದೆ.